ಅಂಗೈ ಬೆವರಿಗೆ ನಲ್ಲಿ ನೀರಿನ ಯಂತ್ರ: ಮೂರು ತಿಂಗಳ ಬಳಕೆಯ ನಂತರ

ಬರೆಯುವಾಗ ಅಂಗೈ ಕೆಳಗೆ ಕರವಸ್ತ್ರ ಹಾಸಿಕೊಳ್ಳುವುದು, ಯಾರಾದರೂ ಕೈ ಚಾಚಿದರೆ ಮೊದಲು ಅಂಗೈಯನ್ನು ಬಟ್ಟೆಗೆ ಒರೆಸಿಕೊಳ್ಳುವುದು ಅತಿಬೆವರಿನ ತೊಂದರೆಯಿರುವವರಿಗೆಲ್ಲ ಗೊತ್ತಿರುವ ಪಾಡು. ಬೆವರು ತಡೆಯಲು ಹಚ್ಚುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ನನಗೆ ಉರಿ ಕೊಟ್ಟಿತೇ ಹೊರತು ಬೆವರನ್ನು ತಡೆಯಲಿಲ್ಲ. ಆದ್ದರಿಂದ ಚರ್ಮರೋಗ ತಜ್ಞರ ಸಲಹೆ ಪಡೆದು, ಮನೆಯಲ್ಲೇ ಬಳಸುವ ಅಯಾಂಟೊಫೊರೆಸಿಸ್ ಯಂತ್ರವೊಂದನ್ನು, ಅಂದರೆ ನೀರಿನ ಮೂಲಕ ಚರ್ಮಕ್ಕೆ ಸಣ್ಣ ವಿದ್ಯುತ್ ಪ್ರವಾಹ ಹರಿಸುವ ಯಂತ್ರವನ್ನು, ಕೊಂಡೆ.

ವಿಧಾನ ಹೊಸದೇನಲ್ಲ. ಅಂಗೈ ಮತ್ತು ಅಂಗಾಲಿನ ಬೆವರಿಗೆ ನೇರ ವಿದ್ಯುತ್ ಪ್ರವಾಹದ ಚಿಕಿತ್ಸೆಯನ್ನು ಬೌಮನ್ ಮತ್ತು ಲೆಂಟ್ಸರ್ ಎಂಬ ಸಂಶೋಧಕರು 1952ರಲ್ಲೇ ವರದಿ ಮಾಡಿದ್ದರು. 1968ರಲ್ಲಿ ಲೆವಿಟ್ ಸರಳವಾದ ಸಾಧನವೊಂದನ್ನು ವಿವರಿಸಿದರು. ನನ್ನ ಯಂತ್ರವೂ ಅದೇ ವಂಶದ್ದು: ನೀರು ತುಂಬಿದ ಎರಡು ತಟ್ಟೆ, ಪ್ರತಿಯೊಂದರ ತಳದಲ್ಲಿ ಲೋಹದ ಫಲಕ, ಅದರ ಮೇಲೆ ತೆಳುವಾದ ಬಟ್ಟೆ. ಒಂದೊಂದರಲ್ಲಿ ಒಂದೊಂದು ಕೈಯಿಟ್ಟು ಪ್ರವಾಹವನ್ನು ಮೆಲ್ಲಗೆ 15 ಮಿಲಿಆಂಪಿಯರ್‌ಗೆ ಏರಿಸಿ, ಸುಮಾರು 20 ನಿಮಿಷ ಕೂರಬೇಕು. ಧನಧ್ರುವದ ಕಡೆಯ ಕೈಗೆ ಪರಿಣಾಮ ಹೆಚ್ಚಾಗುವುದರಿಂದ ಮಧ್ಯದಲ್ಲಿ ಧ್ರುವ ಬದಲಿಸಬೇಕಾಗುತ್ತದೆ.

ಮೊದಲ ವಾರ ಯಂತ್ರ ಕೆಟ್ಟಿದೆ ಎಂದೇ ಭಾವಿಸಿದ್ದೆ, ಏಕೆಂದರೆ ಗುಂಡಿಯನ್ನು ಎಷ್ಟು ತಿರುಗಿಸಿದರೂ ಪ್ರವಾಹ ತೋರಿಸುವ ಮುಳ್ಳು ಮೇಲೇರುತ್ತಿರಲಿಲ್ಲ. ತಪ್ಪು ನನ್ನದಾಗಿತ್ತು: ನಾನು ಸುರಿದದ್ದು ಶುದ್ಧೀಕರಿಸಿದ ಕುಡಿಯುವ ನೀರು, ಅದರಲ್ಲಿ ವಿದ್ಯುತ್ ಹರಿಯಲು ಬೇಕಾದಷ್ಟು ಲವಣವೇ ಇರಲಿಲ್ಲ. ನಲ್ಲಿ ನೀರು ಹಾಕಿದೊಡನೆ ಮುಳ್ಳು ಎದ್ದಿತು. ಇಷ್ಟು ಮುಖ್ಯವಾದ ಸಂಗತಿಗೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲದಿರುವುದು ತಯಾರಕರ ಉದಾಸೀನವೇ ಸರಿ. ಉಗುರಿನ ಪಕ್ಕದ ಸಣ್ಣ ಸೀಳಿಗೂ ವ್ಯಾಸಲಿನ್ ಹಚ್ಚದಿದ್ದರೆ ಅಲ್ಲಿ ಸೂಜಿ ಚುಚ್ಚಿದಂತಾಗುತ್ತದೆ, ಪ್ರವಾಹ ಇಳಿಸದೆ ಕೈ ತೆಗೆದರೆ ಸಣ್ಣ ಆಘಾತವೇ ತಗಲುತ್ತದೆ.

ಫಲಿತಾಂಶವನ್ನು ನಂಬಿಕೆಗೆ ಬಿಡಲು ಮನಸ್ಸಾಗಲಿಲ್ಲ. ಸಂಶೋಧಕರು ಶೋಧಕ ಕಾಗದವನ್ನು (ಫಿಲ್ಟರ್ ಪೇಪರ್) ಚರ್ಮದ ಮೇಲೆ ನಿಗದಿತ ಕಾಲ ಇರಿಸಿ ಅದರ ತೂಕದ ಹೆಚ್ಚಳವನ್ನು ಅಳೆಯುತ್ತಾರೆ. ಜೊತೆಗೆ ತೊಂದರೆ ಎಷ್ಟೆಂದು ರೋಗಿಯಿಂದಲೇ 1ರಿಂದ 4ರ ವರೆಗಿನ ಅಂಕ ಕೇಳುತ್ತಾರೆ. ಔಷಧ ಪ್ರಯೋಗಗಳಲ್ಲಿ ಹೋಲಿಕೆಗಾಗಿ ಔಷಧವಿಲ್ಲದ ಲೇಪನ ಪಡೆದವರಲ್ಲೂ ಎಷ್ಟೋ ಜನ ಸುಧಾರಣೆ ಹೇಳುವುದರಿಂದ ಈ ಎರಡೂ ಅಳತೆ ಬೇಕು. ನಾನು ವಾರದಲ್ಲಿ ಮೂರು ದಿನ ಕೂತೆ. ಮೂರನೇ ವಾರದ ಕೊನೆಗೆ, ಐದು ನಿಮಿಷ ಹಿಡಿದ ಕಾಗದ ಮುದುರದೆ ಗರಿಗರಿಯಾಗಿಯೇ ಉಳಿಯಿತು. ನನ್ನ ಅಂಕ ‘ಸಹಿಸಲಾಗದು’ ಎಂಬ 4ರಿಂದ ‘ಸಹಿಸಬಹುದು’ ಎಂಬ 2ಕ್ಕಿಳಿಯಿತು. ಊರಿಗೆ ಹೋಗಿ ಎರಡು ವಾರ ಬಿಟ್ಟಾಗ ಬೆವರು ಮರಳಿತು. ಈಗ ವಾರಕ್ಕೊಮ್ಮೆ ಸಾಕಾಗುತ್ತಿದೆ, ಆದರೆ ಆ ಒಂದು ದಿನ ತಪ್ಪುವಂತಿಲ್ಲ.

ಇತ್ತೀಚಿನ ಔಷಧಗಳು ಹೆಚ್ಚಾಗಿ ಕಂಕುಳಿನ ಸುತ್ತಲೇ ತಿರುಗುತ್ತಿರುವುದು ಅಂಗೈಯವರಿಗೆ ಸ್ವಲ್ಪ ಬೇಸರದ ವಿಷಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2004ರಲ್ಲಿ ಒಪ್ಪಿದ ಬೊಟುಲಿನಮ್ ಚುಚ್ಚುಮದ್ದು, 2018ರ ಗ್ಲೈಕೊಪೈರೋನಿಯಂ ಔಷಧ ತೊಯ್ದ ಒರೆಸುವ ಬಟ್ಟೆ, 2024ರ ಸೋಫ್‌ಪಿರೋನಿಯಂ ಜೆಲ್ ಮೂರೂ ಕಂಕುಳಿಗೇ ಅನುಮತಿ ಪಡೆದವು. ನರ ಕತ್ತರಿಸುವ ಶಸ್ತ್ರಚಿಕಿತ್ಸೆ ಅಂಗೈಯನ್ನು ಒಣಗಿಸುತ್ತದೆ ನಿಜ, ಆದರೆ ಬೆನ್ನು, ಹೊಟ್ಟೆಗಳಲ್ಲಿ ಬೆವರು ಹೆಚ್ಚುವ ಸಂಭವ ಇರುವುದರಿಂದ ನಾನು ಅದರ ಗೋಜಿಗೆ ಹೋಗಲಿಲ್ಲ. ಹಾಗಾಗಿ ಕೈಪಿಡಿಯ ಕೊರತೆಯನ್ನು ಸಹಿಸಿಕೊಂಡೂ ಈ ಯಂತ್ರವನ್ನು ಶಿಫಾರಸು ಮಾಡುತ್ತೇನೆ. ಪೇಸ್‌ಮೇಕರ್ ಇರುವವರು ಮತ್ತು ಗರ್ಭಿಣಿಯರು ಇದನ್ನು ಮುಟ್ಟಬಾರದು. ಕೈ ಕಾಲಿನ ಮೂಳೆಗೆ ಲೋಹದ ಪಟ್ಟಿ ಹಾಕಿಸಿಕೊಂಡವರು ಕೊಳ್ಳುವ ಮೊದಲೇ ವೈದ್ಯರನ್ನು ಕೇಳಬೇಕು.