ಪಿಎಫ್ ‘ಮಾರ್ಕ್ ಎಕ್ಸಿಟ್’: ಬಾಂಡ್ ಬಿಟ್ಟು ಬಂದವರಿಗೆ ಎಷ್ಟು ಉಪಯೋಗ?

ಸಾಗರ, ತೀರ್ಥಹಳ್ಳಿ ಕಡೆಯ ಹುಡುಗ ಹುಡುಗಿಯರು ಡಿಗ್ರಿ ಮುಗಿದ ಕೂಡಲೇ ‘ಎರಡು ವರ್ಷ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ’ ಎಂಬ ಬಾಂಡಿಗೆ ಸಹಿ ಹಾಕಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅರ್ಧಕ್ಕೆ ಬಿಟ್ಟರೆ ಕೆಲವು ಕಂಪನಿಗಳು ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆಯ ಪತ್ರ) ಕೊಡುವುದಿಲ್ಲ, ಪಿಎಫ್ ಖಾತೆಯಲ್ಲಿ ಬಿಟ್ಟ ದಿನಾಂಕವನ್ನೂ ಹಾಕುವುದಿಲ್ಲ. ಈ ಎರಡನೆಯದಕ್ಕೆ ಯಾರ ಕಾಲೂ ಹಿಡಿಯಬೇಕಿಲ್ಲ. ಪಿಎಫ್ ನೋಡಿಕೊಳ್ಳುವ ಸಂಸ್ಥೆ ಇಪಿಎಫ್ಒದ ಪೋರ್ಟಲ್‌ನಲ್ಲಿ ದಿನಾಂಕವನ್ನು ನೀವೇ ಹಾಕಬಹುದು, ಖರ್ಚಿಲ್ಲ.

ಪಿಎಫ್ ಖಾತೆಗೆ ಕಂಪನಿ ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳು ಕಳೆದಿರಬೇಕು. ಯುಎಎನ್ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಹಾಕಿ ಒಳಹೋಗಿ ‘ಮ್ಯಾನೇಜ್’, ಅದರಲ್ಲಿ ‘ಮಾರ್ಕ್ ಎಕ್ಸಿಟ್’. ಹಳೆಯ ಕಂಪನಿಯ ಪಿಎಫ್ ಸಂಖ್ಯೆ, ದಿನಾಂಕ, ಕಾರಣ, ಕೊನೆಗೆ ಆಧಾರ್ ಓಟಿಪಿ. ಮಳೆಗಾಲದಲ್ಲಿ ಟವರ್ ಸಿಗದ ಊರಿನವರು ಪೇಟೆಗೆ ಬಂದೇ ಮಾಡಿ, ಓಟಿಪಿ ತಡವಾದರೆ ಮೊದಲಿನಿಂದ ಶುರು. ದಿನಾಂಕ ಕೊನೆಯ ವಂತಿಗೆಯ ತಿಂಗಳೊಳಗೇ ಇರಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಜೂನ್ 12ಕ್ಕೆ ಬಿಟ್ಟು 16ಕ್ಕೆ ಬೇರೆ ಕಡೆ ಸೇರಿದವರು ಜೂನ್ 30 ಎಂದು ಒತ್ತಿಬಿಡುತ್ತಾರೆ. ಎರಡು ನೌಕರಿ ಒಂದರ ಮೇಲೊಂದು ಬಿದ್ದು ಮುಂದೆ ಹಣದ ವರ್ಗಾವಣೆ ಸಿಕ್ಕಿಹಾಕಿಕೊಳ್ಳುತ್ತದೆ. ಒತ್ತಿದ ಮೇಲೆ ಅಲ್ಲೇ ತಿದ್ದಲು ಬರುವುದಿಲ್ಲ, ಜಂಟಿ ಘೋಷಣೆಯ (ಪಿಎಫ್ ವಿವರ ತಿದ್ದಲು ಇರುವ ಅರ್ಜಿ) ದಾರಿ ಹಿಡಿಯಬೇಕು.

ಇದರಿಂದ ರಿಲೀವಿಂಗ್ ಲೆಟರ್ ಸಿಗುವುದಿಲ್ಲ, ಅದೇ ಇದರ ಮಿತಿ. ಆದರೆ ‘ಸರ್ವಿಸ್ ಹಿಸ್ಟರಿ’ ಪುಟ, ಪಾಸ್‌ಬುಕ್, ಸಂಬಳದ ಸ್ಲಿಪ್, ಫಾರ್ಮ್ 16, ರಾಜೀನಾಮೆಯ ಇಮೇಲ್ ಜೋಡಿಸಿಟ್ಟರೆ ದುಡಿದದ್ದಕ್ಕೆ ಗಟ್ಟಿ ಪುರಾವೆ.

ಬಾಂಡಿನ ಹಣದ ಪ್ರಶ್ನೆಯೇ ಬೇರೆ. ‘ಬಾಂಡಿಗೆ ಬೆಲೆಯೇ ಇಲ್ಲ’ ಎನ್ನುವವರನ್ನು ನಂಬಬೇಡಿ. 2025ರ ಮೇನಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷದ ಸೇವೆ, ಇಲ್ಲವೇ 2 ಲಕ್ಷ ರೂಪಾಯಿ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಸರ್ಕಾರಿ ಬ್ಯಾಂಕು ಹೊಸದಾಗಿ ನೇಮಕಾತಿ ನಡೆಸಬೇಕಾದ ಖರ್ಚನ್ನು ಕೋರ್ಟು ಪರಿಗಣಿಸಿತು. ಹಾಗೆಂದು ಬರೆದ ಮೊತ್ತವೆಲ್ಲ ಕೊಡಬೇಕೆಂದೂ ಅಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಆ ಮೊತ್ತ ಗರಿಷ್ಠ ಮಿತಿ ಮಾತ್ರ, ಕೋರ್ಟು ಕೊಡಿಸುವುದು ನ್ಯಾಯವೆನಿಸುವ ಪರಿಹಾರ. ಆದ್ದರಿಂದ ತರಬೇತಿಗೆ ಎಷ್ಟು ಖರ್ಚಾಯಿತೆಂದು ಲಿಖಿತವಾಗಿ ಕೇಳಿ. ಬಿಟ್ಟ ಮೇಲೆ ಎದುರಾಳಿ ಕಂಪನಿ ಸೇರಬಾರದೆಂಬ ಷರತ್ತು ಅದೇ ಕಾಯ್ದೆಯ 27ನೇ ಕಲಂ ಮುಂದೆ ನಿಲ್ಲುವುದಿಲ್ಲ.

ಭದ್ರತೆಗೆಂದು ಖಾಲಿ ಚೆಕ್ ಕೊಟ್ಟವರು ಎಚ್ಚರ. ಅದು ಬೌನ್ಸ್ ಆಗಿ ನೋಟಿಸ್ ಬಂದರೆ ಹಣ ಕಟ್ಟಲು ನಿಮಗಿರುವುದು 15 ದಿನ. ಆ ಹೊತ್ತಿಗೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ಶಿವಮೊಗ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.