47 ತಿಂಗಳ ದುಡಿಮೆಗೆ ಜರ್ಮನ್ ಪಿಂಚಣಿ – ಏಜೆಂಟನ ಕೈಯಾಗ ಕೊಟ್ಟೂ ನೋಡಿದೆ, ಖುದ್ದು ಮಾಡಿಯೂ ನೋಡಿದೆ

ನನ್ನ ಪಾಸ್‌ಬುಕ್ಕಿನಾಗ ತಿಂಗಳಿಗೆ ಎರಡು ಪಿಂಚಣಿ ಬೀಳತಾವ. ಒಂದು ನಮ್ಮ ಇಪಿಎಸ್, ಅಂದ್ರ ಪಿಎಫ್ ಕಡೆಯಿಂದ ಬರೂ ನೌಕರರ ಪಿಂಚಣಿ, ಎರಡು ಸಾವಿರದ ನೂರು ಚಿಲ್ಲರ. ಬೆಳಗಾವಿ ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್ ಒಳಗ ಮೂವತ್ತು ವರ್ಷ ಎಣ್ಣಿ, ಮಸಿ ತಿಂದಿದ್ದಕ್ಕ ಸಿಕ್ಕಿದ್ದು. ಇನ್ನೊಂದು 127.81 ಯೂರೋ, ಅಂದ್ರ ಹದಿಮೂರು ಸಾವಿರದ ಆಜೂಬಾಜು. ಜರ್ಮನಿಯೊಳಗ ನಾಕು ವರ್ಷಕ್ಕ ಒಂದು ತಿಂಗಳು ಕಡಿಮಿ ದುಡದಿದ್ದಕ್ಕ ಬಂದದ್ದು. ನಮ್ಮಾಕಿ ಇದನ್ನ ನೋಡಿ, "ಅಲ್ಲೇ ಇರಬೇಕಿತ್ತು ನೀವು" ಅಂತಾಳ. ಇದ್ದಿದ್ರ ಹೆರಿಗಿ, ಬಾಣಂತನ, ಮುದುಕರ ಔಷಧ ಎಲ್ಲಾ ಯಾರು ನೋಡತಿದ್ರು ಅಂತ ನಾನೂ ಕೇಳತೀನಿ. ಆ ಮಾತು ಬ್ಯಾರೆ.

ಈ ರೊಕ್ಕ ಕೈಗೆ ಬರಲಿಕ್ಕೆ ನಾನು ಎರಡು ದಾರಿ ಹಿಡಿದೆ. ಮೊದಲು ದೊಡ್ಡ ಊರಿನ ಒಬ್ಬ ಏಜೆಂಟನ ಸೇವೆ. ಆಮ್ಯಾಲೆ ಜರ್ಮನಿಯ ಪಿಂಚಣಿ ವಿಮಾ ಸಂಸ್ಥೆಗೆ, ಅಂದ್ರ ಡಾಯ್ಚೆ ರೆಂಟೆನ್‌ಫರ್‌ಜಿಖರುಂಗ್‌ಗೆ, ಸೀದಾ ಅರ್ಜಿ. ಎರಡರ ಬಗ್ಗೆನೂ ಬರೀತೀನಿ. ಬೆಳಗಾವ್ಯಾಗ ನನ್ನಂಗ ಹೋಗಿ ಬಂದವರು ಕಡಿಮಿ ಇಲ್ಲ.

2003ರಾಗ ಸ್ಟುಟ್‌ಗಾರ್ಟ್ ಹತ್ರದ ಒಂದು ಕಾರ್ಖಾನಿಗೆ ಹೋದೆ, 2007ರಾಗ ತಿರುಗಿ ಬಂದೆ. ಇಲ್ಲಿಯ ಕಂಪನಿ ಕಳಿಸಿದ ಡೆಪ್ಯುಟೇಶನ್ ಅಲ್ಲ, ಅಲ್ಲಿಯ ಪಗಾರ, ಅಲ್ಲಿಯ ಕರಾರು. ಹಿಂಗಾಗಿ ಪ್ರತಿ ತಿಂಗಳ ಪಗಾರ ಚೀಟಿಯೊಳಗ ಪಿಂಚಣಿ ವಿಮೆ ಅಂತ ಒಂದು ಸಾಲು ಇರತಿತ್ತು. ಆಗ ದರ ನೂರಕ್ಕ 19.5. ಅದರಾಗ ಅರ್ಧ ನನ್ನ ಪಗಾರದಿಂದ, ಅರ್ಧ ಮಾಲಕಂದು. ಕಡೀ ವರ್ಷ ಮಾತ್ರ 19.9 ಆತು. ಆ ಸಾಲು ನೋಡಿದಾಗೆಲ್ಲ ಹೊಟ್ಟಿ ಉರೀತಿತ್ತು. ಯಾಕಂದ್ರ ಅಲ್ಲಿ ಪಿಂಚಣಿ ಬೇಕಾದ್ರ ಕನಿಷ್ಠ ಐದು ವರ್ಷ, 60 ತಿಂಗಳು ತುಂಬಬೇಕು. ನನ್ನವು ಆಗಿದ್ದು 47. ಹೋತು ರೊಕ್ಕ ಅಂತ ಬಿಟ್ಟುಬಿಟ್ಟಿದ್ದೆ.

ನನ್ನ ಜೋಡಿ ಅದೇ ಊರಾಗ ಇದ್ದ ಶಹಾಪುರದ ಗೆಳೆಯ ಬಿಡಲಿಲ್ಲ. ವಾಪಸ್ ಬಂದು ಎರಡು ವರ್ಷ ಆದ ಮ್ಯಾಲೆ, ಕಟ್ಟಿದ್ದನ್ನ ತಿರುಗಿ ಕೊಡ್ರಿ ಅಂತ ಅರ್ಜಿ ಹಾಕಿ ತಗೊಂಡ. ಆ ರೊಕ್ಕದಾಗ ಮನಿ ಮ್ಯಾಲೆ ಮತ್ತೊಂದು ಮಾಳಿಗಿ ಏರಿಸಿದ. ನಾನೂ ಹಾಕಬೇಕಂತ ಇದ್ದೆ. ಆದ್ರ ಮನಿ ಸುಣ್ಣ-ಬಣ್ಣ ಮಾಡುವಾಗ ಕಾಗದದ ಟ್ರಂಕು ಅಟ್ಟದ ಮ್ಯಾಲೆ ಹೋತು, ನನ್ನ ಆಲಸ್ಯ ಅದನ್ನ ಕೆಳಗ ಇಳಿಸಲಿಲ್ಲ. ಇದನ್ನ ನಾನು ಶಾಣ್ಯಾತನ ಅಂತ ಹೇಳಂಗಿಲ್ರಿ. ಆಲಸ್ಯನ ನನ್ನ ಕಾಯಿತು.

ಈಗ ಏಜೆಂಟನ ಕಡೆ ಬರೂಣು. 2022ರಾಗ ಅಳಿಯ ನಂಬರ್ ಕೊಟ್ಟ. ಕಾಜಿನ ಬಾಗಲಾ, ಗ್ವಾಡಿ ಮ್ಯಾಲೆ ಹತ್ತು ದೇಶದ ಬಾವುಟ, ಚಾ ಬದಲಿ ಕಾಫಿ. ಮಾತಾಡಿದ ಹುಡುಗ ಭಾಳ ಸಂಭಾವಿತ, "ಸರ್, ಸರ್" ಅಂತ ಬಾಯಿ ತುಂಬಾ ಕರದ. "ಫೈಲ್ ಚಾರ್ಜ್" ಅಂತ 12 ಸಾವಿರ ಮೊದಲ ಇಸಗೊಂಡ. ಅವನ ಸಲಹಾ ಒಂದ: ರಿಫಂಡ್ ತಗೋರಿ. ಬಂದದ್ದರಾಗ ಅವರಿಗೆ ನೂರಕ್ಕ ಹನ್ನೆರಡು.

ನಾನು ಕೇಳಿದೆ: "ಭಾರತ, ಜರ್ಮನಿ ನಡುವೆ ಒಪ್ಪಂದ ಆಗೇತಂತಲ್ರೀ, ಎರಡೂ ಕಡೆ ತಿಂಗಳು ಕೂಡಸತಾರಂತಲ್ಲ?"

"ಅದು ಹೊಸಬರಿಗೆ ಸರ್. ನಿಮ್ದು ಹಳೇ ಸರ್ವಿಸ್. ನಡಿಯಂಗಿಲ್ಲ."

ಇದು ಸುಳ್ಳು. ಅವನಿಗೆ ಗೊತ್ತಿರಲಿಲ್ಲೋ, ಗೊತ್ತಿದ್ದೂ ಹೇಳಿದನೋ, ಅವನ ಹೊಟ್ಟ್ಯಾಗಿಂದು ನನಗ ತಿಳಿಯಂಗಿಲ್ಲ. ಒಪ್ಪಂದಕ್ಕ ಸಹಿ ಆಗಿದ್ದು 2011ರ ಅಕ್ಟೋಬರ್ 12ಕ್ಕ, ಜಾರಿಗೆ ಬಂದಿದ್ದು 2017ರ ಮೇ 1ಕ್ಕ. ಜಾರಿಗೆ ಬರೂಕಿಂತ ಮೊದಲಿನ ತಿಂಗಳುಗಳನ್ನೂ ಲೆಕ್ಕಕ್ಕ ಹಿಡೀತಾರ. ಪಿಂಚಣಿ ಮಾತ್ರ 2017ರ ಮೇಕ್ಕಿಂತ ಹಿಂದಿಂದು ಸಿಗಂಗಿಲ್ಲ, ಅಷ್ಟ. ಆದ್ರ ಒಂದು ಮಾತು ವಿಚಾರ ಮಾಡ್ರಿ. ರಿಫಂಡ್ ಒಂದ ಸಲಕ್ಕ ಬರೂ ಗಂಟು, ಅದರಾಗ ಅವನಿಗೆ ಹನ್ನೆರಡು ಪಾಲು ಅಂದ್ರ ಲಕ್ಷದ ಹತ್ರ. ಪಿಂಚಣಿ ಅಂದ್ರ ನಾನು ಬದುಕಿರೂ ತನಕ ಹನಿಹನಿ. ಅವನ ಪಾಲಿಗೆ ಏನೂ ಇಲ್ಲ. ದಲ್ಲಾಳಿ ಯಾವ ಎತ್ತು ಛಲೋ ಅಂತಾನೋ ಅದು ಅವನ ಕಮಿಷನ್‌ಗೆ ಛಲೋ.

ರಿಫಂಡಿನ ಲೆಕ್ಕಾನೂ ಹೇಳಿಬಿಡತೀನಿ, ಯಾಕಂದ್ರ ಆ ಹುಡುಗ ಇದನ್ನ ಹೇಳಲಿಲ್ಲ. ತಿರುಗಿ ಬರೂದು ನನ್ನ ಪಾಲು ಅಷ್ಟ, ಮಾಲಕ ಕಟ್ಟಿದ ಅರ್ಧ ಅಲ್ಲೇ ಉಳೀತೈತಿ. ನನ್ನ ಲೆಕ್ಕದಾಗ ಸುಮಾರು 8,900 ಯೂರೋ, ಆಗಿನ ದರಕ್ಕ ಏಳೂವರಿ ಲಕ್ಷದ ಆಜೂಬಾಜು ಆಗತಿತ್ತು. ಬಡ್ಡಿ ಇಲ್ಲ. ತಗೊಂಡ ಮರುದಿನದಿಂದ ಅಲ್ಲಿ ನನ್ನ ಹೆಸರಿನ ಮ್ಯಾಲೆ ಒಂದು ತಿಂಗಳೂ ಇಲ್ಲದಂಗ ಆಗತೈತಿ, ಹಕ್ಕು ಪೂರಾ ಮುಗೀತು. ಈಗ ಬರೂ ಪಿಂಚಣಿ ನೋಡಿದ್ರ ಆರು ವರ್ಷದಾಗ ಅಷ್ಟು ಬಂದುಬಿಡತೈತಿ. ಮುಂದ ನಾನು ಎಷ್ಟು ದಿನ ಇರತೀನೋ ಅಷ್ಟು ನನ್ನ ಲಾಭ. ನಾನು ಹೋದ ಮ್ಯಾಲೆ ನಮ್ಮಾಕಿಗೂ ಐತಿ. 2002ಕ್ಕಿಂತ ಮೊದಲ ಲಗ್ನ ಆಗಿ, ಗಂಡ-ಹೆಂಡತಿಯೊಳಗ ಒಬ್ಬರಾದ್ರೂ 1962ರ ಜನವರಿ 2ಕ್ಕಿಂತ ಮೊದಲ ಹುಟ್ಟಿದ್ರ ವಿಧವಾ ಪಿಂಚಣಿ ನೂರಕ್ಕ 60, ಉಳಿದವರಿಗೆ 55. ಆಕಿಗೆ ಬ್ಯಾರೆ ಆದಾಯ ಇದ್ರ ಅದನ್ನೂ ನೋಡತಾರ. ಇದನ್ನ ಹೇಳಿದಾಗ "ಇಂಥಾ ಅಪಶಕುನ ಮಾತು ಯಾಕ" ಅಂತ ಬೈಸಿಕೊಂಡೆ.

ಏಜೆಂಟನ ಕಡೆಯಿಂದ ಎಂಟು ತಿಂಗಳಾಗ ಬಂದದ್ದು ಒಂದ ಒಂದು ಪಿಡಿಎಫ್, ವಾಟ್ಸಾಪ್ ಮ್ಯಾಲೆ. ಆಮ್ಯಾಲೆ ಗೊತ್ತಾತು, ಆ ಅರ್ಜಿ ಸಂಸ್ಥೆಯ ಜಾಲತಾಣದಾಗ ಫುಕಟ ಸಿಗತೈತಿ ಅಂತ. 12 ಸಾವಿರ ವಾಪಸ್ ಕೇಳಿದೆ. "ನಾನ್ ರಿಫಂಡೇಬಲ್ ಸರ್" ಅಂದ. ರಿಫಂಡ್ ಮಾರೂ ಅಂಗಡ್ಯಾಗ ಇದು ಛಲೋ ಮಾತು. ಐದರಾಗ ಒಂದು ನಕ್ಷತ್ರ, ಅದೂ ಕಾಫಿಗೆ.

ಅಟ್ಟದ ಟ್ರಂಕು ಇಳಿಸಿದೆ. ಅದರಾಗ ಸಿಕ್ಕಿದ್ದು: ಸಾಮಾಜಿಕ ವಿಮೆಯ ಕಾರ್ಡು, ಮಾಲಕ ವರ್ಷಕ್ಕೊಮ್ಮೆ ಕೊಡೂ ವಿಮಾ ಚೀಟಿಗಳು, ಮೂರು ಪಗಾರ ಚೀಟಿ, ಒಂದು ಸತ್ತ ಜಿರಲಿ. ಆ ಕಾರ್ಡಿನ ಮ್ಯಾಲಿನ ಹನ್ನೆರಡು ಅಕ್ಷರದ ವಿಮಾ ಸಂಖ್ಯಾನ ಎಲ್ಲಾದಕ್ಕೂ ಬೀಗದ ಕೈ. ಅದರಾಗ ನಿಮ್ಮ ಹುಟ್ಟಿದ ದಿನ ಐತಿ, ಅಡ್ಡಹೆಸರಿನ ಮೊದಲ ಅಕ್ಷರ ಐತಿ. ಇಪ್ಪತ್ತು ವರ್ಷ ಆಗಿದ್ರೂ ಅದು ಬದಲಾಗಂಗಿಲ್ಲ.

ಸಂಖ್ಯಾ ಬರದು, ನನ್ನ ಖಾತೆಯ ಉತಾರ ಕಳಿಸ್ರಿ ಅಂತ ಒಂದು ಪತ್ರ ಹಾಕಿದೆ. ಕ್ಯಾಂಪಿನ ಹೆಡ್ ಪೋಸ್ಟ್ ಆಫೀಸಿನಿಂದ ಸ್ಪೀಡ್ ಪೋಸ್ಟ್. ಇಂಗ್ಲಿಷಿನಾಗ ಬರದಿದ್ದೆ, ಉತ್ತರ ಜರ್ಮನಿನಾಗ ಬಂತು. ನನ್ನ ಜರ್ಮನ್ ಅಂದ್ರ "ಸ್ಪಾನರ್ ಕೊಡು", "ಬಿಸಿ ಐತಿ, ಮುಟ್ಟಬ್ಯಾಡ" ಅಷ್ಟಕ್ಕ ಸೀಮಿತ. ಸೊಸಿ ಫೋನಿನ ಕ್ಯಾಮೆರಾ ಹಿಡದು ಸಾಲುಸಾಲು ಓದಿ ಹೇಳಿದಳು. ಉತಾರದಾಗ 45 ತಿಂಗಳು ಇದ್ದವು, 47 ಅಲ್ಲ. ಮೊದಲ ಎರಡು ತಿಂಗಳು ಬಿಟ್ಟಿದ್ದವು. ಟ್ರಂಕಿನಾಗಿನ 2003ರ ಚೀಟಿ ಝೆರಾಕ್ಸ್ ಮಾಡಿ ಕಳಿಸಿದೆ. ಮುಂದಿನ ಪತ್ರದಾಗ 47 ಆಗಿತ್ತು. ಒಂದು ಫೋನಿಲ್ಲ, ಒಂದು ರೂಪಾಯಿ ಫೀ ಇಲ್ಲ, "ನಾಳೆ ಬರ್ರಿ" ಇಲ್ಲ. ಇದಕ್ಕ ನಾನು ಐದಕ್ಕ ಐದು ಕೊಡತೀನಿ. ಉದ್ಯಮಬಾಗದಾಗ ಸ್ಟೋರ್ಸಿನಿಂದ ಒಂದು ಬೋಲ್ಟು ತಗೊಳ್ಳಲಿಕ್ಕೆ ಇದಕ್ಕಿಂತ ಹೆಚ್ಚು ಸಹಿ ಬೇಕಾಗತಿದ್ದವು.

ಈ ಕೂಡಸೂ ಲೆಕ್ಕ ಬಹಳ ಮಂದಿಗೆ ತಿಳಿಯಂಗಿಲ್ಲ, ನನಗೂ ಮೊದಲು ತಿಳೀಲಿಲ್ಲ. ನಮ್ಮ ಕಡೆ ಹೊಲದಾಗ ಒಂದ ಎತ್ತು ಇದ್ದಾವ ಬಾಜು ಹೊಲದವನ ಎತ್ತು ಎರವಲು ತಂದು ಜೋಡಿ ಕಟ್ಟತಾನಲ್ಲ, ಹಂಗ. ಎತ್ತು ಎರವಲಿಂದು, ನೇಗಿಲು ಹೂಡಾಕ. ಆದ್ರ ಬೆಳಿ ಬರೂದು ನಿಮ್ಮ ಹೊಲದಷ್ಟ. 60 ತಿಂಗಳ ಷರತ್ತು ದಾಟಲಿಕ್ಕೆ ಭಾರತದ ಇಪಿಎಸ್ ತಿಂಗಳು ಎರವಲು ಸಿಗತಾವ. ರೊಕ್ಕ ಮಾತ್ರ ಜರ್ಮನಿ ತನ್ನ 47 ತಿಂಗಳಿಗಷ್ಟ ಕೊಡತೈತಿ, ಭಾರತ ತನ್ನ ಸರ್ವಿಸಿಗಷ್ಟ. ಎರಡೂ ಕೂಡಿ ಒಂದ ಪಿಂಚಣಿ ಆಗಂಗಿಲ್ಲ.

ಜರ್ಮನಿಯ ಲೆಕ್ಕ ಅಂಕದ ಮ್ಯಾಲೆ ನಡೀತೈತಿ. ಆ ವರ್ಷ ಇಡೀ ದೇಶದ ಸರಾಸರಿ ಪಗಾರದಷ್ಟು ನಿಮ್ಮ ಪಗಾರ ಇದ್ರ ಒಂದು ಅಂಕ, ಕಡಿಮಿ ಇದ್ರ ಕಡಿಮಿ. ನಂದು ಸರಾಸರಿಯ ನೂರಕ್ಕ ಎಂಬತ್ತು, 47 ತಿಂಗಳಿಗೆ ಒಟ್ಟು 3.1333 ಅಂಕ. ಒಂದು ಅಂಕದ ಬೆಲಿ ಪ್ರತಿ ಜುಲೈ ಒಂದಕ್ಕ ಬದಲಾಗತೈತಿ. ನಾನು ಶುರು ಮಾಡಿದಾಗ 37.60 ಯೂರೋ, 2024ರ ಜುಲೈದಾಗ 39.32, 2025ರ ಜುಲೈದಾಗ 40.79. ಹಿಂಗಾಗಿ ನನ್ನ ಪಿಂಚಣಿ 117.81ರಿಂದ 123.20, ಆಮ್ಯಾಲೆ 127.81 ಆತು. ನಾನು ಖುರ್ಚಿ ಮ್ಯಾಲೆ ಕುಂತಲ್ಲೇ ಏರೈತಿ. ನಮ್ಮ ಇಪಿಎಸ್ ಲೆಕ್ಕ ಬ್ಯಾರೆ: ಪಿಂಚಣಿಗೆ ಹಿಡಿಯೂ ಪಗಾರ ಇಂಟು ಸರ್ವಿಸಿನ ವರ್ಷ, ಭಾಗಿಲೆ 70. ಆ ಪಗಾರಕ್ಕ 2014ರ ಆಗಸ್ಟ್ ತನಕ 6,500ರ ಮಿತಿ, ಆಮ್ಯಾಲೆ 15,000. ಒಮ್ಮೆ ಎಷ್ಟು ನಿಂತಿತೋ ಅಷ್ಟಕ್ಕ ನಿಂತಿತು. ಹಿಂಗಾಗಿ ಎರಡು ಸಾವಿರ.

ತ್ರಾಸು ಆಗಿದ್ದು ಈ ಕಡೆ, ಹೆಸರಿನ ಕಾಲಾಗ. ಪಾಸ್‌ಪೋರ್ಟಿನಾಗ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಬಿಡಿಸಿ ಬರದಾರ. ಪಿಎಫ್ ದಾಖಲೆಯೊಳಗ ಬರೇ ಇನಿಷಿಯಲ್ಲು, ಅದೂ ಒಂದು ಅಕ್ಷರ ತಪ್ಪು. ಜರ್ಮನಿಯವರಿಗೆ ಇವರಿಬ್ಬರೂ ಬ್ಯಾರೆ ಬ್ಯಾರೆ ಮನುಷ್ಯಾರು. ಹಳೇ ಕಂಪನಿಯ ಸಹಿ ತಗೊಂಡು ಜಂಟಿ ಘೋಷಣೆ ಕೊಟ್ಟೆ, ಕೋರ್ಟಿನ ಮುಂದಿನ ನೋಟರಿ ಹತ್ರ ಅಫಿಡವಿಟ್ ಮಾಡಿಸಿದೆ, ಮೂರು ಸಲ ಅಡ್ಡಾಡಿದೆ. ಇನ್ನೂ ನೌಕರಿ ಮಾಡೂ ಹುಡುಗರೆ, ಆಧಾರ್, ಪಿಎಫ್, ಪಾಸ್‌ಪೋರ್ಟ್ ಮೂರೂ ಕಡೆ ಹೆಸರು ಒಂದ ಇರಲಿ. ಕಂಪನಿ ಬಾಗಲಾ ಹಾಕಿದ ಮ್ಯಾಲೆ ಸಹಿ ಮಾಡೂ ಕೈ ಹುಡುಕೋದು ಭಾಳ ತ್ರಾಸು.

ನಾನು 1958ರ ಮಾರ್ಚಿನಾವ. ಆ ವರ್ಷ ಹುಟ್ಟಿದವರಿಗೆ ಜರ್ಮನಿಯಾಗ ಪಿಂಚಣಿ ವಯಸ್ಸು ಸರಿಯಾಗಿ 66. 1964 ಮತ್ತ ಆಮ್ಯಾಲೆ ಹುಟ್ಟಿದವರಿಗೆ 67. ನಮ್ಮ ಇಪಿಎಸ್‌ನಂಗ 58 ವಯಸ್ಸಿನ ಲೆಕ್ಕ ಅಲ್ಲಿ ಇಲ್ಲ. ಜನವರಿ 2024ರಾಗನ ಅರ್ಜಿ ಹಾಕಿದೆ. ವಯಸ್ಸು ತುಂಬಿದ ತಿಂಗಳು ಮುಗಿದ ಮ್ಯಾಲೆ ಮೂರು ತಿಂಗಳೊಳಗ ಅರ್ಜಿ ಹೋಗಬೇಕು, ಇಲ್ಲಂದ್ರ ಅರ್ಜಿ ಹಾಕಿದ ತಿಂಗಳಿಂದ ಅಷ್ಟ ಕೊಡತಾರ, ಹಿಂದಿಂದು ಹೋತು. ನವೆಂಬರಿನಾಗ ಮಂಜೂರಾತಿ ಪತ್ರ ಬಂತು, ಲಗ್ನಪತ್ರಿಕೆಗಿಂತ ದಪ್ಪ. ಏಪ್ರಿಲ್‌ದಿಂದ ಬಾಕಿ ಎಲ್ಲಾ ಕೂಡಿ ಒಂದ ಸಲ ಜಮಾ ಆತು.

ಜಮಾ ಆಗೂದೂ ಸರಳ ಇರಲಿಲ್ಲ. ನಾನು ಖಾತೆ ಇಟ್ಟ ಶಾಖೆಗೆ ಸ್ವಿಫ್ಟ್ ಕೋಡ್, ಅಂದ್ರ ಹೊರದೇಶದ ರೊಕ್ಕ ಬರಲಿಕ್ಕೆ ಬೇಕಾಗೂ ಬ್ಯಾಂಕಿನ ಗುರುತು, ಇಲ್ಲ. ಕೌಂಟರಿನ ಹುಡುಗಿ "ಸ್ವಿಫ್ಟ್ ಗಾಡಿ ಶೋರೂಮ್ ಬಾಜೂಕ ಐತ್ರಿ ಅಂಕಲ್" ಅಂತ ನಕ್ಕಳು, ಚಾಷ್ಟಿನೋ ಖರೇನೋ ಈಗಲೂ ತಿಳಿದಿಲ್ಲ. ವಿದೇಶಿ ವ್ಯವಹಾರ ಮಾಡೂ ದೊಡ್ಡ ಶಾಖೆಯ ಕೋಡ್ ತಗೊಂಡು ಹಾಕಿದೆ, ನಡೀತು.

ಇನ್ನೊಂದು ಕೆಲಸ ವರ್ಷಕ್ಕೊಮ್ಮೆ. ಮಳೆಗಾಲದಾಗ ಡಾಯ್ಚೆ ಪೋಸ್ಟಿನ ಪಿಂಚಣಿ ವಿಭಾಗದಿಂದ ಬದುಕಿರೂ ಪ್ರಮಾಣಪತ್ರದ ಹಾಳಿ ಬರತೈತಿ. ಅದರ ಮ್ಯಾಲೆ ಬ್ಯಾಂಕೋ, ನೋಟರಿಯೋ, ಸರ್ಕಾರಿ ಕಚೇರಿಯೋ ಸಹಿ, ಸಿಕ್ಕಾ ಹಾಕಿ ತಿರುಗಿ ಕಳಿಸಬೇಕು. ಕಳಿಸದಿದ್ರ ಪಿಂಚಣಿ ನಿಲ್ಲತೈತಿ. ನಮ್ಮ ಜೀವನ್ ಪ್ರಮಾಣ ಇಪಿಎಸ್‌ಗೆ, ಇದು ಅವರಿಗೆ, ಎರಡೂ ಬ್ಯಾರೆ. ಮೊದಲ ವರ್ಷ ಒಂದು ಬ್ಯಾಂಕಿನ ಸಾಹೇಬ್ರು ಹಾಳಿ ತಿರುವಿ ಮುರುವಿ ನೋಡಿ, "ನೀವು ಬದುಕಿದ್ದು ಖರೆ, ಆದ್ರ ಈ ಭಾಷಾದಾಗ ನಾವು ಹೇಳೂ ಹಂಗಿಲ್ಲ" ಅಂದ್ರು. ನೋಟರಿ ಎರಡು ನಿಮಿಷದಾಗ ಮಾಡಿಕೊಟ್ರು. ಜುಲೈ ತಿಂಗಳ ಬೆಳಗಾವಿ ಮಳಿಯೊಳಗ ಪೋಸ್ಟ್‌ಮನ್ ಆ ಪತ್ರಾನ ಅಂಗಿಯೊಳಗ ಇಟಗೊಂಡು ಒಣಾನ ತಂದು ಕೊಟ್ಟ, ಅವನಿಗೂ ಐದು ನಕ್ಷತ್ರ.

ಎಲ್ಲಾ ದೇಶಕ್ಕೂ ಈ ದಾರಿ ಇಲ್ಲ, ಅದನ್ನೂ ಹೇಳಬೇಕು. ಬೆಲ್ಜಿಯಂ ಜೋಡಿ 2009ರ ಸೆಪ್ಟೆಂಬರಿನಿಂದನ ಒಪ್ಪಂದ ಐತಿ. ಆದ್ರ ಟಿಳಕವಾಡಿಯ ನಮ್ಮ ವಾಕಿಂಗ್ ಗೆಳೆಯರೊಬ್ಬರು ಬರ್ಮಿಂಗ್‌ಹ್ಯಾಮಿನಾಗ ಎಂಟು ವರ್ಷ ದುಡದು ಬಂದಾರ. ಬ್ರಿಟನ್ನಿನ ಹೊಸ ಪಿಂಚಣಿಗೆ ಹತ್ತು ವರ್ಷ ಬೇಕು, ಭಾರತದ ವರ್ಷ ಅದಕ್ಕ ಕೂಡಸೂ ಹಂಗಿಲ್ಲ. ಹತ್ತು ತುಂಬಿದವರಿಗೂ, ಭಾರತದಾಗ ವಾಸ ಇದ್ರ, ಪಿಂಚಣಿ ಶುರುವಾದ ಮೊತ್ತಕ್ಕ ನಿಂತುಬಿಡತೈತಿ, ವರ್ಷಾ ಏರಂಗಿಲ್ಲ. ನಾನು ಜುಲೈದಾಗ ನನ್ನ ಏರಿಕೆ ಸುದ್ದಿ ಹೇಳಿದ್ರ ಅವರು ಜೋರಾಗಿ ನಡೀಲಿಕ್ಕೆ ಹತ್ತತಾರ.

ಶಹಾಪುರದ ಗೆಳೆಯಗ ಮಂಜೂರಾತಿ ಪತ್ರ ತೋರಿಸಬೇಕೋ ಬ್ಯಾಡೋ ಅಂತ ಭಾಳ ದಿನ ವಿಚಾರ ಮಾಡಿದೆ. ಕಡೀಕ ಅವನ ಮಾಳಿಗಿ ಮ್ಯಾಲೆ ಚಾ ಕುಡಿಯುವಾಗ ತೋರಿಸಿದೆ. ಎರಡು ಸಲ ಓದಿ ಮಡಚಿ ಕೊಟ್ಟ. "ಈ ಮಾಳಿಗಿ ಬಾಡಿಗಿ ತಿಂಗಳಿಗೆ ಏಳು ಸಾವಿರ ಬರತೈತಿ ನನಗ" ಅಂದ. ಆಮ್ಯಾಲೆ ಸ್ವಲ್ಪ ಹೊತ್ತು ಬಿಟ್ಟು, "ನನ್ನ ಮಗ ಹೋದ ವರ್ಷ ಮ್ಯೂನಿಕ್‌ಗೆ ಹೋಗ್ಯಾನ. ಅವನ ಕಾರ್ಡು ಎಲ್ಲಿ ಇಟ್ಟಾನಂತ ಕೇಳತೀನಿ" ಅಂದ.