ಮರ ಕೊಯ್ಯುವವರ ಸುರಕ್ಷತಾ ಸೆಟ್ಟು: ಚ್ಯಾಪ್ಸಿಗೆ ಕೊಟ್ಟ ದುಡ್ಡು ಸಾರ್ಥಕ, ಕೈಗವಸಿಗೆ ಕೊಟ್ಟದ್ದು ದಂಡ

ಚೈನ್ ಸಾ, ಅಂದರೆ ಮರ ಕೊಯ್ಯುವ ಚೈನಿನ ಗರಗಸದ ಮಷಿನು ಮಾರುವ ಅಂಗಡಿಗಳಲ್ಲಿ ಹೇಳಿಟ್ಟರೆ ಮರ ಕೊಯ್ಯುವವರ ಸುರಕ್ಷತಾ ಸೆಟ್ಟನ್ನು ತರಿಸಿಕೊಡುತ್ತಾರೆ. ಜಾಲರಿ ಪರದೆ ಮತ್ತು ಕಿವಿಮುಚ್ಚುಗೆ ಕೂಡಿಸಿದ ಹೆಲ್ಮೆಟ್, ಪ್ಯಾಂಟಿನ ಮೇಲೆ ಕಟ್ಟಿಕೊಳ್ಳುವ ಚ್ಯಾಪ್ಸ್, ಬೂಟು, ಕೈಗವಸು, ಕನ್ನಡಕ, ಹೀಗೆ ಐದು ಸಾಮಾನು. ಒಳ್ಳೆ ಬ್ರಾಂಡಿನದಾದರೆ ಆನ್‌ಲೈನಿನಲ್ಲಿ ಸಿಗುವ ಅಗ್ಗದ ಮಷಿನಿಗಿಂತ ಸೆಟ್ಟೇ ತುಟ್ಟಿ. ಅದಕ್ಕೇ ಕೂಪು (ಕಟಾವಿಗೆ ಗುರುತು ಮಾಡಿದ ಕಾಡಿನ ತುಂಡು) ಹಿಡಿಯುವ ಕಂಪನಿಗಳು, ಕಂತ್ರಾಟುದಾರರು ತಂಡಕ್ಕೆಲ್ಲ ಹಳದಿ ಹೆಲ್ಮೆಟ್ ಕೊಡಿಸಿ, ಸಾಲಾಗಿ ನಿಲ್ಲಿಸಿ ಫೋಟೋ ಹೊಡೆದು, ಫೈಲಿಗೆ ಸೇರಿಸಿ ಕೈತೊಳೆದುಕೊಳ್ಳುವುದು. ಮರ ಬಿದ್ದು ಜೀವ ಹೋಗುತ್ತದೆ, ಚೈನು ತಾಗಿ ಕಾಲು ಹೋಗುತ್ತದೆ. ಮೊದಲನೆಯದಕ್ಕೆ ಹೆಲ್ಮೆಟ್ ಅಲ್ಪಸ್ವಲ್ಪ ಆಗಬಹುದು, ಎರಡನೆಯದಕ್ಕೆ ಏನೂ ಆಗುವುದಿಲ್ಲ. ಬಜೆಟ್ಟು ಬಿಗಿ ಇದ್ದರೆ ದುಡ್ಡು ಮೊದಲು ಹೋಗಬೇಕಾದ್ದು ಚ್ಯಾಪ್ಸಿಗೆ.

ಚ್ಯಾಪ್ಸ್ ಎಂದರೆ ದಪ್ಪ ಬಟ್ಟೆ ಅಷ್ಟೇ ಎಂದುಕೊಂಡವರು ಬಹಳ. ಜೀನ್ಸ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿಸಿ ‘ಇದೂ ಅದೇ’ ಎನ್ನುವ ದರ್ಜಿ ಕೆಲಸವೂ ನಡೆಯುತ್ತದೆ. ಅದು ಉಪಯೋಗಕ್ಕಿಲ್ಲ. ಅಸಲಿ ಚ್ಯಾಪ್ಸಿನ ಹೊರಬಟ್ಟೆಯ ಒಳಗೆ ಉದ್ದುದ್ದ ನಾರಿನ ಪದರಗಳು ಸಡಿಲವಾಗಿ ಇರುತ್ತವೆ. ಚೈನು ಹೊರಬಟ್ಟೆಯನ್ನು ಹರಿದ ಕೂಡಲೇ ಹಲ್ಲಿಗೆ ಆ ನಾರು ಸಿಕ್ಕಿ, ಎಳೆದುಕೊಂಡು ಹೋಗಿ ಸ್ಪ್ರಾಕೆಟ್ಟಿಗೆ, ಅಂದರೆ ಚೈನನ್ನು ಓಡಿಸುವ ಹಲ್ಲಿನ ಚಕ್ರಕ್ಕೆ, ಸುತ್ತಿಕೊಳ್ಳುತ್ತದೆ. ಚೈನು ಅಲ್ಲೇ ಜಾಮ್ ಆಗಿ ನಿಲ್ಲುತ್ತದೆ. ತಡೆಯುವುದು ಬಟ್ಟೆಯ ದಪ್ಪವಲ್ಲ, ಎಳೆದರೆ ಹೊರಬರುವ ನಾರು. ಇಷ್ಟು ಗೊತ್ತಿದ್ದರೆ ಚ್ಯಾಪ್ಸ್ ಹೇಗೆ ಹಾಳಾಗುತ್ತದೆ ಎನ್ನುವುದೂ ತಾನಾಗಿ ತಿಳಿಯುತ್ತದೆ. ಮುಳ್ಳಿಗೆ ಸಿಕ್ಕಿ ಹರಿದಲ್ಲಿ ಒಳಪದರ ಸೇರಿಸಿ ಹೊಲಿಗೆ ಹಾಕಿದರೆ ನಾರು ಅಲ್ಲೇ ಬಿಗಿಯುತ್ತದೆ, ಎಳೆದರೆ ಬರುವುದಿಲ್ಲ. ಚೈನ್ ಆಯಿಲ್ ಕುಡಿದು ಅಂಟಾದರೂ ಅದೇ ಕಥೆ. ಮಳೆಗಾಲದಲ್ಲಿ ಚಂಡಿಯಾದದ್ದನ್ನು ಬಚ್ಚಲ ಒಲೆಯ ಮೇಲೆ ಒಣಗಿಸಿದರೆ ನಾರು ಕರಗಿ ಗಟ್ಟಿಯಾಗುತ್ತದೆ. ಇಸ್ತ್ರಿ ಬೇಡ, ಬ್ಲೀಚ್ ಬೇಡ. ಲೇಬಲ್ಲಿನಲ್ಲಿ ಬರೆದಷ್ಟೇ ಬಿಸಿಯ ನೀರು, ಸಾದಾ ಸೋಪು, ನೆರಳಲ್ಲಿ ಗಾಳಿಗೆ ಒಣಗಿಸುವುದು. ಒಂದು ಸಲ ಚೈನು ತಾಗಿ ನಾರು ಹೊರಬಂತೆಂದರೆ ಆ ಚ್ಯಾಪ್ಸಿನ ಆಯುಷ್ಯ ಮುಗಿಯಿತು. ‘ಇನ್ನೊಂದು ಕಾಲು ಚಲೋ ಇದೆಯಲ್ಲ’ ಎಂದು ಇಟ್ಟುಕೊಳ್ಳಬಾರದು.

ಲೇಬಲ್ಲಿನಲ್ಲಿ ನೋಡಬೇಕಾದ್ದು ಯುರೋಪಿನ ಸುರಕ್ಷತಾ ಮಾನದಂಡದ ನಂಬರು ಇಎನ್ ಐಎಸ್‌ಒ 11393, ಹಳೆ ಸ್ಟಾಕಾದರೆ ಇಎನ್ 381, ಅದರ ಪಕ್ಕದಲ್ಲಿ ಚೈನ್ ಸಾ ಚಿತ್ರ ಮತ್ತು ಕ್ಲಾಸ್ ನಂಬರು. ಕ್ಲಾಸ್ 0 ಅನ್ನು ಸೆಕೆಂಡಿಗೆ 16 ಮೀಟರ್ ಚೈನ್ ವೇಗಕ್ಕೆ ಪರೀಕ್ಷೆ ಮಾಡಿರುತ್ತಾರೆ; ಕ್ಲಾಸ್ 1 ಅಂದರೆ 20, ಕ್ಲಾಸ್ 2 ಅಂದರೆ 24, ಕ್ಲಾಸ್ 3 ಅಂದರೆ 28 ಮೀಟರ್. ನಿಮ್ಮ ಮಷಿನಿಗೆ ಯಾವುದು ಬೇಕು ಎಂದು ಅಂಗಡಿಯವರನ್ನು ಕೇಳುವ ಬದಲು ಲೆಕ್ಕ ಹಾಕಿ: ಸ್ಪ್ರಾಕೆಟ್ಟಿನ ಹಲ್ಲು ಗುಣಿಸು 2, ಗುಣಿಸು ಚೈನಿನ ಪಿಚ್ (ಒತ್ತೊತ್ತಿನ ಮೂರು ರಿವೆಟ್ಟುಗಳ ನಡುವಿನ ಅಂತರದ ಅರ್ಧ), ಗುಣಿಸು ಸೆಕೆಂಡಿನ ಸುತ್ತು. 3/8 ಇಂಚಿನ ಚೈನಿನ ಪಿಚ್ 9.525 ಮಿ.ಮೀ. ಏಳು ಹಲ್ಲಿನ ಸ್ಪ್ರಾಕೆಟ್ ನಿಮಿಷಕ್ಕೆ 9,300 ಸುತ್ತು ತಿರುಗಿದರೆ ಚೈನಿನ ವೇಗ ಸೆಕೆಂಡಿಗೆ 20.7 ಮೀಟರ್. ಅದೇ ಮಷಿನನ್ನು ಲೋಡಿಲ್ಲದೆ 13,000ಕ್ಕೆ ಏರಿಸಿದರೆ 28.9. ಟೊಂಗೆ ಸವರುವಾಗ ಫುಲ್ ರೇಸ್ ಕೊಟ್ಟು ಒಂದು ಟೊಂಗೆಯಿಂದ ಇನ್ನೊಂದಕ್ಕೆ ಹೋಗುವ ಗಳಿಗೆಯಲ್ಲಿ ಇರುವುದು ಈ ಎರಡನೇ ವೇಗ, ಕಾಲಿಗೆ ತಾಗುವುದೂ ಹೆಚ್ಚಾಗಿ ಆಗಲೇ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು ಕ್ಲಾಸ್ 1. ತೋಟದ ಕೆಲಸದ 30 ಸಿಸಿ ಆಸುಪಾಸಿನ ಮಷಿನಿಗೆ ಅದು ಸಾಕು. ನಾಟಾ ಕೊಯ್ಯುವ 70 ಸಿಸಿ ಮಷಿನಿಗೆ ಕ್ಲಾಸ್ 2 ಅಥವಾ 3 ಕೇಳಿ ತರಿಸಬೇಕು, ಕಾಯಬೇಕಾದರೂ ಕಾಯಬೇಕು. ಬ್ಯಾಟರಿ, ಕರೆಂಟಿನ ಮಷಿನುಗಳದ್ದು ಬೇರೆ ಸಮಸ್ಯೆ: ನಾರು ಸಿಕ್ಕಿದರೂ ಮೋಟರು ಜಗ್ಗುತ್ತಲೇ ಇರಬಹುದು, ಹಾಗಾಗಿ ಪೆಟ್ರೋಲ್ ಮಷಿನಿನ ಭರವಸೆಯನ್ನು ಅದಕ್ಕೆ ಹಚ್ಚಬಾರದು.

ಪೂರ್ತಿ ಪ್ಯಾಂಟಿನ ಮಾದರಿಯೂ ಸಿಗುತ್ತದೆ. ಉತ್ತರ ಕನ್ನಡದ ಕುಮಟಾ, ಹೊನ್ನಾವರ, ಕಾರವಾರದ ಏಪ್ರಿಲ್ ಸೆಕೆಯಲ್ಲಿ ಅಕೇಶಿಯಾ ಕಟಾವಿಗೆ ಅದನ್ನು ಹಾಕಿಸಿದರೆ ಮಧ್ಯಾಹ್ನದೊಳಗೆ ಬಿಚ್ಚಿ ಮರಕ್ಕೆ ನೇತುಹಾಕುತ್ತಾರೆ. ಕಟ್ಟುವ ಚ್ಯಾಪ್ಸೇ ಇಲ್ಲಿಗೆ ಸರಿ. ಹೊರೆ ಹೊರುವಾಗ, ಊಟಕ್ಕೆ ಕೂತಾಗ ತೆಗೆಯಬಹುದು. ಆದರೆ ಹಿಂಬದಿಯ ಪಟ್ಟಿಗಳನ್ನು ಎಲ್ಲವನ್ನೂ ಹಾಕಬೇಕು. ಕೆಳಗಿನದು ಬಳ್ಳಿಗೆ ಸಿಕ್ಕುತ್ತದೆ ಎಂದು ಬಿಟ್ಟರೆ ಚೈನು ತಾಗಿದಾಗ ಚ್ಯಾಪ್ಸ್ ತಿರುಗಿ ಬರಿಗಾಲು ಮುಂದೆ ಬರುತ್ತದೆ. ಉದ್ದವೂ ಅಷ್ಟೇ, ಬೂಟಿನ ಬಾಯಿ ಮುಚ್ಚಿ ಕೆಳಗಿಳಿಯಬೇಕು. ಒಂದೇ ಸೈಜಿನದನ್ನು ಡಜನ್ನುಗಟ್ಟಲೆ ತರಿಸುವ ಕಂಪನಿಗಳು ಎಡವುವುದು ಇಲ್ಲೇ: ಗಿಡ್ಡ ಆಳಿಗೆ ಉದ್ದದ್ದು ಕೊಟ್ಟರೆ ಇಳುಕಲಿನಲ್ಲಿ ತುಳಿದು ಬೀಳುತ್ತಾನೆ.

ಹೆಲ್ಮೆಟ್ ಚಲೋ ಇದೆ. ಜಾಲರಿ ಪರದೆ ನಮ್ಮ ಮಳೆಗೆ ಹೇಳಿ ಮಾಡಿಸಿದ್ದು, ಪ್ಲಾಸ್ಟಿಕ್ ಪರದೆಯ ಹಾಗೆ ಉಸಿರಿಗೆ ಮಂಜು ಹಿಡಿಯುವುದಿಲ್ಲ. ಚಕ್ಕೆ ತಡೆಯುತ್ತದೆ, ಪುಡಿ ತಡೆಯುವುದಿಲ್ಲ. ಸೆಟ್ಟಿನ ಕನ್ನಡಕ ಇರುವುದು ಅದಕ್ಕೇ. ತಯಾರಾದ ವರ್ಷ-ತಿಂಗಳು ಅಂಚಿನ ಅಡಿಯಲ್ಲಿ ಗಡಿಯಾರದ ಮುಳ್ಳಿನಂಥ ಗುರುತಿನಲ್ಲಿ ಅಚ್ಚಾಗಿರುತ್ತದೆ. ಗೋದಾಮಿನಲ್ಲಿ ಮೂರ್ನಾಲ್ಕು ವರ್ಷ ಕೂತ ಮಾಲು ಬೇಡ. ಗದ್ದದ ಪಟ್ಟಿ ಪ್ರತ್ಯೇಕ ಕೊಳ್ಳಬೇಕಾಗಿ ಬಂದರೂ ಕೊಳ್ಳಿ, ತಲೆ ಎತ್ತಿ ಮರದ ನೆತ್ತಿ ನೋಡುವ ಕೆಲಸದಲ್ಲಿ ಪಟ್ಟಿ ಇಲ್ಲದ್ದು ಹಿಂದಕ್ಕೆ ಜಾರುತ್ತದೆ. ಮಷಿನಿನ ಸದ್ದು 100 ಡೆಸಿಬಲ್ ದಾಟುತ್ತದೆ, ಆದ್ದರಿಂದ ಕಿವಿಮುಚ್ಚುಗೆ ಶೋಕಿಯಲ್ಲ. ಆದರೆ ಅದನ್ನು ಹಾಕಿದವನಿಗೆ ‘ಹೋಯ್, ಬಂತು’ ಎಂಬ ಕೂಗು ಕೇಳುವುದಿಲ್ಲ. ಸೆಟ್ಟು ಕೊಡುವ ದಿನವೇ ಕೈಸನ್ನೆ, ಸೀಟಿ ನಿಗದಿ ಮಾಡಬೇಕು. ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಕೊಯ್ಯುವವ, ಅವನ ಸಹಾಯಕ ಬಿಟ್ಟು ಯಾರೂ ಇರಬಾರದು. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕೊಯ್ಯುವವರು, ದನ ಹೊಡೆದುಕೊಂಡು ಬರುವವರು ಯಾವಾಗ ಎಲ್ಲಿಂದ ಬರುತ್ತಾರೆ ಹೇಳಲಾಗದು. ಕಾಲುದಾರಿಗೆ ಒಬ್ಬರನ್ನು ನಿಲ್ಲಿಸುವುದೇ ದಾರಿ.

ಬೂಟು ಪಾಸು ಮಾರ್ಕು ಅಷ್ಟೇ. ಸೆಟ್ಟಿಗೆ ಕೆಲವು ಕಡೆ ಭಾರತೀಯ ಮಾನದಂಡ ಐಎಸ್ 15298ರ ಗುರುತಿನ ಕಬ್ಬಿಣದ ಮೂತಿಯ ಸಾದಾ ಸೇಫ್ಟಿ ಶೂ ಸೇರಿಸುತ್ತಾರೆ. ಕುಂಟೆ (ಮರದ ದಿಮ್ಮಿ) ಕಾಲ ಮೇಲೆ ಉರುಳಿದರೆ ಬೆರಳು ಉಳಿಯುತ್ತದೆ, ಪಾದದ ಮೇಲ್ಭಾಗಕ್ಕೆ ಚೈನು ಬಂದರೆ ಆ ಚರ್ಮ ತಡೆಯುವುದಿಲ್ಲ. ಚೈನಿಗೆ ಬೇಕಾದ್ದು ಇಎನ್ ಐಎಸ್‌ಒ 17249, ಅದರಲ್ಲೂ ಚೈನ್ ಸಾ ಚಿತ್ರ ಇರುತ್ತದೆ. ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟಕ್ಕೆ ಎಲ್ಲರೂ ಹಾಕುವುದು ಗಮ್‌ಬೂಟು. ಹಾವಸೆ ಹಿಡಿದ ಚಿರೇಕಲ್ಲಿನ ಮೇಲೆ, ಸಿಪ್ಪೆ ಸುಲಿದ ಕುಂಟೆಯ ಮೇಲೆ ಅದರಷ್ಟು ಜಾರುವ ವಸ್ತು ಇನ್ನೊಂದಿಲ್ಲ. ಕೈಯಲ್ಲಿ ಮಷಿನು ಓಡುತ್ತಿರುವಾಗ ಕಾಲು ಜಾರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆಳವಾದ ಕಚ್ಚಿನ ತಳವಿರುವ ಎತ್ತರದ ಬೂಟೇ ಬೇಕು.

ಕೈಗವಸಿಗೆ ಫೇಲು. ಚರ್ಮದ್ದು ನೆನೆದರೆ ಹಿಡಿತ ಹೋಗುತ್ತದೆ, ಒಣಗಿದರೆ ಹಪ್ಪಳ. ಅಂಗೈಗೆ ರಬ್ಬರ್ ಮೆತ್ತಿದ ಸಾದಾ ಗವಸು ಇದಕ್ಕಿಂತ ಎಷ್ಟೋ ವಾಸಿ.

ಇನ್ನು ಸೆಟ್ಟಿನಲ್ಲಿ ಇಲ್ಲದ್ದು. ನಮ್ಮ ದೊಡ್ಡ ತಕರಾರು ಇಲ್ಲಿದೆ. ಮರ ಬೀಳಿಸುವಾಗ ಜೀವ ಕಾಯುವುದು ಮೈಮೇಲಿನ ಸಾಮಾನಲ್ಲ, ಹಿಂದಿನ ಕೊಯ್ತಕ್ಕೆ ಹೊಡೆದು ಮರ ಹಿಂದಕ್ಕೆ ಕೂರದಂತೆ ತಡೆಯುವ ಬೆಣೆ. ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಬೆಣೆ ಎರಡು, ಅದನ್ನು ಹೊಡೆಯಲು ಕೊಡಲಿ. ಗಟ್ಟಿ ಮರದಲ್ಲಿ ಕೆತ್ತಿಕೊಂಡರೂ ನಡೆಯುತ್ತದೆ, ಕಬ್ಬಿಣದ್ದು ಮಾತ್ರ ಬೇಡ, ಚೈನು ತಾಗಿದರೆ ಚೂರು ಹಾರುತ್ತದೆ. ನೆಟ್ಟಗಿನ 40 ಸೆಂ.ಮೀ. ದಪ್ಪದ ಮರ ಎಂದಿಟ್ಟುಕೊಳ್ಳಿ. ಬೀಳಬೇಕಾದ ದಿಕ್ಕಿಗೆ ಬಾಯಿ ಕಚ್ಚು 8ರಿಂದ 10 ಸೆಂ.ಮೀ. ಆಳ, ಕನಿಷ್ಠ 45 ಡಿಗ್ರಿ ತೆರೆದಿರಬೇಕು. ಹಿಂದಿನ ಕೊಯ್ತ ಕಚ್ಚಿನ ತಳಕ್ಕಿಂತ ಸುಮಾರು 4 ಸೆಂ.ಮೀ. ಮೇಲೆ. ನಡುವೆ ಉಳಿಸುವ ಹಿಡಿಪಟ್ಟಿ ದಪ್ಪದ ಹತ್ತನೇ ಒಂದು ಭಾಗ, ಅಂದರೆ 4 ಸೆಂ.ಮೀ. ಬಾಗಿಲಿಗೆ ಕೀಲಿದ್ದ ಹಾಗೆ ಮರವನ್ನು ದಿಕ್ಕಿಗೆ ತಿರುಗಿಸಿ ಇಳಿಸುವುದು ಅದೇ. ‘ಬೇಗ ಬೀಳಲಿ’ ಎಂದು ಅದನ್ನೂ ಕೊಯ್ದುಬಿಟ್ಟರೆ ಮರ ಮನಸ್ಸಿಗೆ ಬಂದ ಕಡೆ ಹೋಗುತ್ತದೆ. ತಪ್ಪಿಸಿಕೊಳ್ಳುವ ದಾರಿ ಬೀಳುವ ದಿಕ್ಕಿಗೆ ನೇರ ಹಿಂದಲ್ಲ, ಹಿಂದಕ್ಕೆ ಓರೆಯಾಗಿ. ಕೊಯ್ಯುವ ಮೊದಲೇ ಅಲ್ಲಿಯ ಕುರುಚಲು ಸವರಿರಬೇಕು. ನೇರ ಹಿಂದೆ ನಿಂತವನಿಗೆ ಬುಡ ಹಾರಿ ಬಡಿಯುತ್ತದೆ. ವಾಲಿದ ಅಕೇಶಿಯಾದಲ್ಲಿ ಇನ್ನೊಂದು ಗಂಡಾಂತರ: ಹಿಂದಿನಿಂದ ಕೊಯ್ಯುತ್ತ ಬಂದಂತೆ ಕಾಂಡ ಉದ್ದಕ್ಕೆ ಸೀಳಿ ಮೇಲೆದ್ದು ಒದೆಯುತ್ತದೆ. ಅಂಥದ್ದಕ್ಕೆ ಹಿಡಿಪಟ್ಟಿ ಬಿಟ್ಟು ನಡುವೆ ತೂರು ಕೊಯ್ತ (ಮಷಿನಿನ ಮೂತಿಯನ್ನೇ ಕಾಂಡದೊಳಗೆ ತೂರಿಸುವ ಕೊಯ್ತ) ಹಾಕಿ, ಹಿಂದೆ ಒಂದಿಷ್ಟು ಉಳಿಸಿ, ಅದನ್ನು ಕೊನೆಗೆ ಬಿಡಿಸಬೇಕು. ಕಾಡುಮರಗಳಲ್ಲಿ ನೆತ್ತಿಗೆ ನೆತ್ತಿ ಬಳ್ಳಿ ಹೆಣೆದಿರುತ್ತದೆ, ಒಂದು ಬೀಳುವಾಗ ಪಕ್ಕದ್ದರ ಟೊಂಗೆ ಮುರಿದು ತರುತ್ತದೆ. ಬಳ್ಳಿ ಮೊದಲೇ ಕಡಿದಿಡಿ.

ಮಷಿನನ್ನೂ ಸೆಟ್ಟಿನ ಭಾಗವೆಂದೇ ನೋಡಬೇಕು. ಬಾರಿನ (ಚೈನು ಸುತ್ತುವ ಉದ್ದ ಪಟ್ಟಿಯ) ಮೂತಿಯ ಮೇಲಿನ ಕಾಲುಭಾಗ ಏನಕ್ಕಾದರೂ ತಾಗಿದರೆ ಮಷಿನು ಮುಖದ ಕಡೆ ಎಗರುತ್ತದೆ, ಅದನ್ನು ತಡೆಯಲು ಇರುವುದು ಚೈನ್ ಬ್ರೇಕು. ದಿನಾ ಬೆಳಿಗ್ಗೆ ಸ್ಲೋ ಓಡುವಾಗ ಬ್ರೇಕು ಹಾಕಿ ಕ್ಷಣಮಾತ್ರ ರೇಸ್ ಕೊಡಿ, ಚೈನು ಅಲ್ಲಾಡಬಾರದು. ಬ್ರೇಕಿನ ಪಟ್ಟಿಗೆ ಆಯಿಲು-ಪುಡಿ ಮೆತ್ತಿ ಹಿಡಿಯದೇ ಹೋಗುವುದು ಮಾಮೂಲು. ಹಲ್ಲಿನ ಮುಂದಿದ್ದು ಅದು ಎಷ್ಟು ಆಳ ಕಚ್ಚಬೇಕೆಂದು ಮಿತಿ ಹಾಕುವ ಗೇಜನ್ನು ‘ಜೋರು ಕೊಯ್ಯಲಿ’ ಎಂದು ಅರದಲ್ಲಿ ಸವೆಸುವ ಚಟ ಬೇರೆ. 3/8 ಚೈನಿಗೆ ಅದು ಹಲ್ಲಿಗಿಂತ 0.65 ಮಿ.ಮೀ. ತಗ್ಗಿರಬೇಕು, ಹೆಚ್ಚು ತಗ್ಗಿಸಿದಷ್ಟೂ ಎಗರುವುದು ಹೆಚ್ಚು. ಹಲ್ಲು ಹರಿತವಿದ್ದರೆ ಚಕ್ಕೆ ಬೀಳುತ್ತದೆ, ಮೊಂಡಾದರೆ ಹಿಟ್ಟು.

ಪ್ರಥಮ ಚಿಕಿತ್ಸೆಯ ಡಬ್ಬಿ ಎಂದು ಕೊಡುವುದರಲ್ಲಿ ಬ್ಯಾಂಡ್-ಏಡು, ಟಿಂಚರು. ಚೈನಿನ ಗಾಯ ಮಾಂಸ ಕಿತ್ತ ಗಾಯ. ಬೇಕಾದ್ದು 15 ಸೆಂ.ಮೀ. ಅಗಲದ ಒತ್ತುಪಟ್ಟಿ ಎರಡು, ರಕ್ತ ನಿಲ್ಲಿಸಲು ತಿರುಗಿಸಿ ಬಿಗಿಯುವ ಪಟ್ಟಿ ಟೂರ್ನಿಕೆ ಒಂದು, ಅದೂ ಕೊಯ್ಯುವವನ ಸೊಂಟದಲ್ಲಿ, ಜೀಪಿನಲ್ಲಲ್ಲ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಮೊಣಕಾಲು-ಮೊಣಕೈ ಗಂಟಿನ ಮೇಲೆ ಬಾರದಂತೆ ಟೂರ್ನಿಕೆ ಬಿಗಿದು, ಬಿಗಿದ ಹೊತ್ತು ಬರೆಯಬೇಕು. ಆಸ್ಪತ್ರೆ ತನಕ ಬಿಚ್ಚಬಾರದು. ಜೊಯಿಡಾದ ಒಳಗಿಂದಲೋ ಸಿದ್ದಾಪುರದ ಘಟ್ಟದ ಅಂಚಿನಿಂದಲೋ ದೊಡ್ಡ ಗಾಯಕ್ಕೆ ಹುಬ್ಬಳ್ಳಿ, ಮಣಿಪಾಲ, ಗೋವಾ ಎಂದು ಓಡಬೇಕಾದ ಜಿಲ್ಲೆ ಇದು. 108ಕ್ಕೆ ಫೋನು ಹತ್ತುವ ದಿಬ್ಬ ಯಾವುದು, ಗಾಡಿ ಬರುವ ರಸ್ತೆ ಯಾವುದು ಎಂದು ಕೆಲಸ ಶುರುವಾಗುವ ಮೊದಲೇ ಬರೆದಿಟ್ಟಿರಬೇಕು.

ಕಂಪನಿಗಳಿಗೆ ಒಂದೆರಡು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಉಳಿಸಲಿಕ್ಕೆ ಬಂದದ್ದು. ಕೊಯ್ಯುವವನ ಕಾಲು ಉಳಿಯಬೇಕಾದರೆ ಸುರಕ್ಷತೆಯ ಮಾತು ಕೆಲಸದ ಆರ್ಡರಿನಲ್ಲೇ ಬರಬೇಕು. ಚ್ಯಾಪ್ಸಿನ ಕ್ಲಾಸು, ಬ್ರೇಕ್ ಪರೀಕ್ಷೆ, ಒಬ್ಬನೇ ಕೊಯ್ಯಬಾರದು, ಗಾಳಿ ಎದ್ದರೆ ನಿಲ್ಲಿಸಬೇಕು, ಇವು ಷರತ್ತಾಗಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅರಣ್ಯ ಕೆಲಸದ ಸುರಕ್ಷತೆಗೆ 1998ರಲ್ಲೇ ಸಂಹಿತೆ ಮಾಡಿದೆ, ಎಫ್‌ಎಸ್‌ಸಿ (ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡದ್ದಕ್ಕೆ ಕೊಡುವ) ಪ್ರಮಾಣಪತ್ರ ಬೇಕೆನ್ನುವವರು ಅದನ್ನು ಪಾಲಿಸಲೇಬೇಕು. ‘ಅವ ಮೇಸ್ತ್ರಿಯ ಆಳು, ನಮ್ಮವನಲ್ಲ’ ಎಂಬ ಮಾತು ನಡೆಯುವುದಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಎರಡನೇ ಅನುಸೂಚಿಯಲ್ಲೇ ಮರ ಕಡಿಯುವ ಕೆಲಸ ಇತ್ತು, 12ನೇ ಕಲಂ ಕಂತ್ರಾಟು ಕೊಟ್ಟವರನ್ನೂ ಹೊಣೆ ಮಾಡಿತ್ತು. ಆ ಕಾಯ್ದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಇಷ್ಟೆಲ್ಲ ಕೊಡಿಸಿ ಕೂಲಿಯನ್ನು ಟನ್ನಿನ ಲೆಕ್ಕದಲ್ಲೇ ಇಟ್ಟರೆ, ಚ್ಯಾಪ್ಸ್ ಕಟ್ಟುವ, ಬೆಣೆ ಹೊಡೆಯುವ ಹೊತ್ತೆಲ್ಲ ಆಳಿನ ಕಿಸೆಯಿಂದ ಹೋಗುತ್ತದೆ. ದಿನಗೂಲಿಗೆ ಬನ್ನಿ, ಇಲ್ಲವೇ ಟನ್ನಿನ ದರ ಏರಿಸಿ.

ನಮ್ಮ ಮಾರ್ಕು ಐದಕ್ಕೆ: ಚ್ಯಾಪ್ಸ್ ನಾಲ್ಕೂವರೆ, ಹೆಲ್ಮೆಟ್ ನಾಲ್ಕು, ಕನ್ನಡಕ ಮೂರು, ಬೂಟು ಎರಡೂವರೆ, ಕೈಗವಸು ಒಂದು. ಸೆಟ್ಟಾಗಿ ಕೊಳ್ಳುವುದಕ್ಕಿಂತ ಹೆಲ್ಮೆಟ್, ಚ್ಯಾಪ್ಸ್ ಎರಡನ್ನೇ ಬಿಡಿಯಾಗಿ ಕೊಂಡು, ಉಳಿದ ದುಡ್ಡಿನಲ್ಲಿ ಸರಿಯಾದ ಬೂಟು, ಬೆಣೆ, ಟೂರ್ನಿಕೆ ತರಿಸುವುದು ಲೇಸು. ಆರ್ಡರ್ ಕೊಡುವಾಗ ಪ್ರತಿಯೊಬ್ಬನ ಸೊಂಟ, ಸೊಂಟದಿಂದ ಹಿಮ್ಮಡಿಯ ಉದ್ದ ಅಳೆದು ಹೆಸರಿನ ಜೊತೆ ಬರೆದುಕೊಡಿ. ಚ್ಯಾಪ್ಸಿನ ಪಟ್ಟಿಯ ಕ್ಲಿಪ್ಪುಗಳು ಮುರಿಯುವುದು ಬೇಗ, ಹೆಲ್ಮೆಟ್ಟಿನ ಒಳಪಟ್ಟಿ ಬೆವರಿಗೆ ಹೋಗುವುದೂ ಬೇಗ. ಎರಡರ ಬಿಡಿಭಾಗ ಸಿಗುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ.